ಬೆಟ್ಟದ ಮೇಲಿನ ಕಡಲು

ನನ್ನ ಗೆಳತಿಗೆ ಮೊದಲ ಸಲ ಎದೆನೋವು ಬಂದಾಗ ಅವಳು ಅದನ್ನು ಗ್ಯಾಸ್ ಅಂದುಕೊಂಡು ಎರಡು ದಿನ ಜೀರಿಗೆ ಕಷಾಯ ಕುಡಿದಳು. ಆಮೇಲೆ ಹೂಸ್ಟನ್ನಿನಿಂದ ನನಗೆ ಫೋನ್ ಮಾಡಿ, ಒಗ್ಗರಣೆ ಹಾಕುತ್ತಲೇ, ಯಾಕೋ ಎಡಗೈ ಜೋಮು ಹಿಡಿದ ಹಾಗಿದೆ ಎಂದು ಬೇರೆ ಮಾತಿನ ನಡುವೆ ಹೇಳಿದಳು. ನಾನು ಹೃದಯದ ಡಾಕ್ಟರಾಗಿರುವವಳು, ಡ್ಯಾಲಸ್ ಪಕ್ಕದ ಫ್ಲವರ್ ಮೌಂಡಿನಲ್ಲಿ ಮನೆ. ಒಲೆ ಆರಿಸು, ಆಂಬುಲೆನ್ಸ್ ಕರೆ ಎಂದು ಕೂಗಾಡಿದೆ. ಅವತ್ತೇ ಅವಳಿಗೆ ಸ್ಟೆಂಟ್ ಹಾಕಿದರು. ಕೆಲವು ತಿಂಗಳಲ್ಲಿ ಹೃದಯ ಪೂರ್ತಿ ಸುಧಾರಿಸಿತು. ರಿಪೋರ್ಟುಗಳನ್ನೆಲ್ಲ ತರಿಸಿಕೊಂಡು ನಾನೇ ನೋಡಿದೆ, ನನ್ನ ಜೊತೆ ಕೆಲಸ ಮಾಡುವವರಿಗೂ ತೋರಿಸಿದೆ. ಯಾರೂ ಹೆಸರಿಡುವ ಹಾಗಿರಲಿಲ್ಲ.

ಹೃದಯ ಸುಧಾರಿಸಿತು, ಗೆಳತಿ ಸುಧಾರಿಸಲಿಲ್ಲ. ನನಗೆ ಗೊತ್ತಿದ್ದವಳು ಬೇರೆಯೇ ಹೆಂಗಸು. ಧಾರವಾಡದ ಹುಡುಗಿ, ಕಲ್ಲುಗಳ ಶಾಸ್ತ್ರ ಓದುತ್ತೇನೆ ಎಂದಾಗ ಮನೆಯವರು ಹಣೆ ಚಚ್ಚಿಕೊಂಡರಂತೆ. ಈ ದೇಶಕ್ಕೆ ಬಂದು ಹೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಒಂದು ಎಣ್ಣೆ ಕಂಪನಿಯಲ್ಲಿ ಭೂವಿಜ್ಞಾನಿಯಾದಳು. ಹೊಸದರಲ್ಲಿ ಬಾವಿ ಕೊರೆಯುವ ಜಾಗಕ್ಕೆ ತಲೆಗೆ ಹೆಲ್ಮೆಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಹೋಗಿ, ಆಳೆತ್ತರದ ಗಂಡಸರನ್ನು ಹುಬ್ಬಳ್ಳಿಯ ಆಟೋದವರನ್ನು ಗದರಿಸಿದ ಹಾಗೆ ಗದರಿಸುತ್ತಿದ್ದಳು. ಅಂಥವಳು ಈಗ ಎಲ್ಲದಕ್ಕೂ ನನ್ನ ಅಪ್ಪಣೆ ಕೇಳುತ್ತಿದ್ದಳು. ಒಂದು ಹೋಳಿಗೆ ತಿನ್ನಲೇ, ಮೆಟ್ಟಿಲು ಹತ್ತಲೇ, ಮದುವೆಗೆ ಹೋಗಿ ಅಷ್ಟು ಹೊತ್ತು ಕೂರಲೇ. ಆಸ್ಟಿನ್‌ನಲ್ಲಿರುವ ಮಗಳ ಅಪಾರ್ಟ್‌ಮೆಂಟ್ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇವಳು ಹೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಹೋಗಿ ಕಾರಿನಲ್ಲೇ ಕುಳಿತು ಮಗಳನ್ನು ಕೆಳಗೆ ಕರೆಯುತ್ತಿದ್ದಳು. ಮಗಳು ಮನೆಯನ್ನು ಹೇಗೆ ಇಟ್ಟುಕೊಂಡಿದ್ದಾಳೆ ಎಂಬುದನ್ನೇ ಈ ತಾಯಿ ನೋಡಿರಲಿಲ್ಲ.

ಅವಳ ಕೆಲಸವೆಂದರೆ ಒಂದು ಸತ್ತ ಕಡಲಿನ ನಕ್ಷೆ ಬರೆಯುವುದು. ಈಗ ಒಂದು ಹನಿ ನೀರಿಗೂ ಗತಿಯಿಲ್ಲದ ಪಶ್ಚಿಮ ಟೆಕ್ಸಸ್ ಮನುಷ್ಯರು, ಹಕ್ಕಿಗಳು, ಹೂವುಗಳು ಹುಟ್ಟುವ ಮುಂಚೆ ಕಡಲಾಗಿತ್ತು. ಆ ಕಡಲಿನ ಅಂಚಿನಲ್ಲಿ ಸಣ್ಣ ಸಣ್ಣ ಜೀವಿಗಳು ಒಂದರ ಮೇಲೊಂದು ಬದುಕಿ, ಸತ್ತು, ತಮ್ಮ ಚಿಪ್ಪು ಎಲುಬುಗಳಿಂದಲೇ ಒಂದು ಗೋಡೆ ಕಟ್ಟಿದವು. ಬಹುಪಾಲು ಗೋಡೆ ಈಗ ನೆಲದಡಿ ಹೂತುಹೋಗಿದೆ, ಎಣ್ಣೆ ಸಿಗುವುದು ಅದರ ಆಸುಪಾಸಿನಲ್ಲೇ. ಅದು ಎಲ್ಲೆಲ್ಲಿ ಹರಡಿದೆ ಎಂದು ನೆಲದೊಳಗೆ ಕಳಿಸಿದ ಸದ್ದಿನ ಪ್ರತಿಧ್ವನಿ ಕಂಪ್ಯೂಟರಿನಲ್ಲಿ ಮೂಡಿಸುವ ಗೀಟುಗಳಲ್ಲಿ ಹುಡುಕುವುದರಲ್ಲೇ ಗೆಳತಿಯ ಆಯುಷ್ಯ ಕಳೆದಿತ್ತು. ಒಂದು ಕಡೆ ಮಾತ್ರ ಭೂಮಿ ಅದನ್ನು ಎತ್ತಿ ಮುಗಿಲಿಗೆ ಹಿಡಿದಿದೆ. ಅದೇ ಗ್ವಾಡಲೂಪೆ ಬೆಟ್ಟ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪನಿಯವರು ಬಸ್ಸಿನಲ್ಲಿ ಕರೆದೊಯ್ದು ಕೆಳಗಿನಿಂದ ತೋರಿಸಿದ್ದರಂತೆ. ಒಂದು ದಿನ ಅದರ ಮೇಲೆ ಹತ್ತಿ ಅಲ್ಲೇ ಮಲಗಿ ಬರಬೇಕು ಎಂದು ಅವಳು ನನಗೆ ಹೇಳುತ್ತಲೇ ಬಂದಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಮಾತೇ ನಿಂತುಹೋಯಿತು.

ಎಣ್ಣೆಯ ಬೆಲೆ ಕುಸಿದು ಅವಳ ಆಫೀಸಿನಲ್ಲಿ ಖಾಲಿ ಕುರ್ಚಿಗಳು ಹೆಚ್ಚುತ್ತಿದ್ದ ಕಾಲ. ಒಂದು ಭಾನುವಾರ ಫೋನ್ ಮಾಡಿ, ಒಗೆದ ಬಟ್ಟೆಯ ಬುಟ್ಟಿಯನ್ನು ಮಹಡಿಗೆ ಹೊತ್ತುಕೊಂಡು ಹೋಗಲೇ ಎಂದು ಕೇಳಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಹೊತ್ತುಕೊಂಡು ಹೋಗು, ಹಾಗೇ ಅಷ್ಟೇ ಭಾರ ಬೆನ್ನಿಗೆ ಹಾಕಿಕೊಂಡು ಗ್ವಾಡಲೂಪೆ ಬೆಟ್ಟಕ್ಕೂ ಹೋಗು, ನಿನ್ನ ಹೃದಯ ನನ್ನದಕ್ಕಿಂತ ಗಟ್ಟಿಯಾಗಿದೆ ಎಂದು ರೇಗಿದೆ. ಆ ಕಡೆ ಬುಟ್ಟಿ ನೆಲಕ್ಕಿಟ್ಟ ಸದ್ದು ಕೇಳಿತು. ಆಮೇಲೆ ತಣ್ಣಗೆ, "ನೀ ಜೊತಿಗೆ ಬರ್ತಿ ಅಂದ್ರ ಹೋಗ್ತೇನಿ," ಅಂದಳು.

ನಾನು ಸಿಕ್ಕಿಬಿದ್ದೆ. ಪಕ್ಕದೂರು ಇರ್ವಿಂಗಿನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಿಂದ ಬಾಗಿಲವರೆಗೆ ನಡೆಯುವುದೇ ನನ್ನ ವ್ಯಾಯಾಮ. ದಿನಾ ರೋಗಿಗಳಿಗೆ ನಡೆಯಿರಿ ನಡೆಯಿರಿ ಎಂದು ಹೇಳುವುದು ಬೇರೆ ವಿಷಯ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಆದರೆ ಆ ಒಂದು ಬೆಟ್ಟ ಹತ್ತಿ ಇಳಿದರೆ ಇವಳ ಭಯ ಬಿಟ್ಟುಹೋಗಬಹುದು, ಹತ್ತದಿದ್ದರೆ ಇವಳು ಹೀಗೇ ಕಾರಿನಲ್ಲಿ ಕುಳಿತು ಮುದುಕಿಯಾಗುತ್ತಾಳೆ ಎಂದು ನನಗೆ ಖಚಿತವಾಗಿ ಅನ್ನಿಸಿತ್ತು. ಹೂಂ ಅಂದೆ.

ಬೇಸಿಗೆಯುದ್ದಕ್ಕೂ ಆಸ್ಟಿನ್‌ನಲ್ಲಿ ಅಭ್ಯಾಸ ಮಾಡಿದೆವು. ಅದು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರ, ಊರಿನ ನಡುವೆಯೇ ಹಳ್ಳದ ಪಕ್ಕ ಕಲ್ಲಿನ ದಾರಿಗಳಿವೆ. ಬೆನ್ನಿನ ಚೀಲಕ್ಕೆ ಭಾರ ಬೇಕಲ್ಲ, ಸೋನಾ ಮಸೂರಿ ಅಕ್ಕಿಯ ಮೂಟೆ ತುಂಬಿಕೊಂಡು ನಡೆದೆವು. ಪ್ರತಿ ಏರಿನಲ್ಲೂ ಅವಳು ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸಿದರೆ ಹತ್ತುತ್ತಿದ್ದಳು. ತಿರುಗಿ ಬಂದ ಮೇಲೂ ಮಗಳ ಮನೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ, ಇವತ್ತಿಗೆ ಸಾಕು ಎಂದು ಕಾರಿನಲ್ಲೇ ಉಳಿದಳು.

ಬಟ್ಟೆಯ ವಿಷಯ ಇಲ್ಲಿ ಹೇಳಬೇಕು. ನಮ್ಮದು ಗದಗಿನ ಹತ್ತಿ ವ್ಯಾಪಾರದ ಮನೆತನ. ಅಪ್ಪ ಅರಳೆಯನ್ನು ಬೆರಳಲ್ಲಿ ಎಳೆದು ಯಾವ ಸೀಮೆಯದು ಎಂದು ಹೇಳುತ್ತಿದ್ದರು. ನೈಲಾನ್ ಸೀರೆ ಉಟ್ಟವರನ್ನು ಕಂಡರೆ ನಮ್ಮ ಮನೆಯಲ್ಲಿ ಪಾಪ ಎನ್ನುತ್ತಿದ್ದರು. ಬೇಸಿಗೆಗೂ ಹತ್ತಿ, ಚಳಿಗೂ ಹತ್ತಿ, ಬಾಣಂತಿಗೂ ಹತ್ತಿ. ಚಾರಣದ ಸಾಮಾನು ಮಾರುವ ಡ್ಯಾಲಸ್ಸಿನ ಅಂಗಡಿಯವನು ಬೆಟ್ಟಕ್ಕೆ ಹೋಗುವವರು ಹತ್ತಿ ಹಾಕಬಾರದು, ಪಾಲಿಯೆಸ್ಟರೋ ಉಣ್ಣೆಯೋ ತಗೊಳ್ಳಿ ಎಂದ. ನಾನು ಅವನಿಗೆ ಹತ್ತಿಯ ಗುಣಗಾನ ಮಾಡಿ, ಬರಿಗೈಯಲ್ಲಿ ಬಂದು, ಇಳಕಲ್ಲಿನ ಒಂದು ದಪ್ಪ ಹೊದಿಕೆ, ಹತ್ತಿಯ ಬನಿಯನ್ನು, ಹತ್ತಿಯ ಸ್ವೆಟರು ಚೀಲಕ್ಕೆ ತುಂಬಿದೆ. ಗೆಳತಿ ಹೂಸ್ಟನ್ನಿನಲ್ಲಿ ತನ್ನ ಅಂಗಡಿಯವನು ಹೇಳಿದ್ದನ್ನೆಲ್ಲ ಕೊಂಡಳು. ಪ್ಲಾಸ್ಟಿಕ್ಕಿನ ಬೊಂಬೆ ಆಗಿದ್ದೀ ಎಂದು ನಾನು ನಕ್ಕೆ.

ಸೆಪ್ಟೆಂಬರಿನಲ್ಲಿ ಹೊರಟೆವು. ಮಿಡ್‌ಲ್ಯಾಂಡ್ ದಾಟುವಾಗ ರಸ್ತೆಯ ಎರಡೂ ಬದಿಗೆ ಎಣ್ಣೆಯ ಪಂಪುಗಳು ತಲೆಯಾಡಿಸುತ್ತಿದ್ದವು. ಅವಳು ಕಿಟಕಿಯಿಂದ ಬರೀ ನೆಲವನ್ನೇ ನೋಡುತ್ತಿದ್ದಳು. ಈಗ ನಾವು ಕಡಲಿನ ನಡುವೆ ಇದ್ದೇವೆ, ಇಲ್ಲಿ ಆಳ ಜಾಸ್ತಿ, ಇನ್ನು ಸ್ವಲ್ಪ ಹೊತ್ತಿಗೆ ದಡ ಬರುತ್ತದೆ ಎಂದು ಹೇಳುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಕುರುಚಲು ಗಿಡ, ಮುಳ್ಳುತಂತಿ, ಕಾಯ್ದ ಮಣ್ಣು ಮಾತ್ರ. ಆಮೇಲೆ ಆ ಗೋಡೆ ಬಂತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ಇದು ದೂರದಿಂದಲೇ ನುಣ್ಣಗಿರಲಿಲ್ಲ. ಬಯಲು ಒಮ್ಮೆಲೇ ಮುಗಿದು ಬಿಳಿ ಬಂಡೆ ನೆಟ್ಟಗೆ ಮೇಲೆದ್ದಿತ್ತು, ಅದರ ನೆತ್ತಿ ಮೋಡದೊಳಗೆ ಹೊಕ್ಕಿತ್ತು. ಕಾರು ನಿಲ್ಲಿಸಿ ಇಳಿದೆವು. ಇಷ್ಟೂ ಒಂದೊಂದೇ ಚಿಪ್ಪಿನಿಂದ ಆದದ್ದೇ ಎಂದು ಕೇಳಿದೆ. ಹೌದೆಂದಳು. ನಾನು ಕತ್ತೆತ್ತಿ ನೋಡುತ್ತಾ ಕಾರಿನ ಬಾಗಿಲು ಹಾಕುವುದನ್ನೂ ಮರೆತೆ ಎಂದು ಅವಳು ಆಮೇಲೂ ಛೇಡಿಸುತ್ತಿದ್ದಳು.

ಆ ಬೆಟ್ಟದ ಮೇಲೆ ಕುಡಿಯಲು ನೀರಿಲ್ಲ. ಬೇಕಾದಷ್ಟನ್ನು ಕೆಳಗಿನಿಂದಲೇ ಹೊರಬೇಕು. ಮರುದಿನ ಬೆಳಿಗ್ಗೆ ನೀರಿನ ಚೀಲಗಳನ್ನು ಬೆನ್ನಿಗೇರಿಸಿ ಹೊರಟ ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತದ ಬಾಲ ಇಲ್ಲಿಗೆ ತಾಗಿದೆ ಎಂದು ಬೆಟ್ಟದ ಬುಡದ ಪಾರ್ಕ್ ಕಚೇರಿಯಲ್ಲಿ ಹೇಳಿದ್ದರು. ಮರುಭೂಮಿಯ ಮಳೆ ಎಷ್ಟು ಬಂದೀತು ಎಂದು ನಾನೇ ಹೊರಡಿಸಿದ್ದೆ. ತಲೆಯ ಮೇಲೆ ಧಾರಾಕಾರ ನೀರು, ಬೆನ್ನ ಮೇಲೂ ನೀರು ಹೊತ್ತು ಏರುತ್ತಿರುವ ನಮ್ಮಂಥ ಜಾಣರು ಇನ್ನೊಬ್ಬರಿರಲಾರರು ಎಂದು ಇಬ್ಬರೂ ನಕ್ಕೆವು.

ದಾರಿ ಬಂಡೆಯ ಮೈಯಲ್ಲಿ ಅತ್ತಿತ್ತ ತಿರುಗುತ್ತಾ ಏರುತ್ತದೆ. ಪ್ರತಿ ತಿರುವಿನಲ್ಲೂ ಅವಳು ನಿಂತು ನನ್ನ ಕಡೆ ನೋಡುವಳು, ಇನ್ನೂ ಹೋಗಲೇ ಎಂದು ಕೇಳುವಳು. ನಾನು ಅವಳ ಮುಖದ ಬಣ್ಣ, ಉಸಿರು, ಬೆವರು ನೋಡುವೆ, ಹೋಗೆನ್ನುವೆ. ಕೆಳಗಿನ ಬಯಲಿನ ಮೇಲೆ ಮಳೆ ಬೇರೆ ಬೇರೆ ಕಂಬಗಳಾಗಿ ನಡೆದುಬರುತ್ತಿತ್ತು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕಪ್ಪು. ಆಮೇಲೆ ಮೋಡ ನಮ್ಮ ಮಟ್ಟಕ್ಕಿಳಿದು ಎಲ್ಲವನ್ನೂ ನುಂಗಿತು. ಗುಡುಗು ತಲೆಯ ಮೇಲಿನಿಂದ ಅಲ್ಲ, ಪಕ್ಕದಿಂದ ಕೇಳುತ್ತಿತ್ತು. ಹುಟ್ಟಿದಂದಿನಿಂದ ಗುಡುಗೆಂದರೆ ಮೇಲಿನದು ಎಂದುಕೊಂಡವಳು ನಾನು. ಅದು ನನ್ನ ಹೆಗಲ ಮಟ್ಟದಲ್ಲಿ ಉರುಳಿಕೊಂಡು ಹೋದಾಗ ಭಯಕ್ಕಿಂತ ಹೆಚ್ಚಾಗಿ ಒಂದು ಗೌರವ ಬಂತು, ದೊಡ್ಡವರ ಮನೆಯ ಪಡಸಾಲೆಯಲ್ಲಿ ಕುಳಿತ ಹಾಗೆ.

ಈ ಬೆರಗಿನ ನಡುವೆ ನನ್ನ ತೆಳು ಪ್ಲಾಸ್ಟಿಕ್ ಮಳೆಕೋಟು ಗಾಳಿಗೆ ಹರಿದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತಿಯ ಸ್ವೆಟರು ನೀರು ಕುಡಿದು ತೂಗತೊಡಗಿತು. ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರುತ್ತದೆ, ನಡೆಯುತ್ತಿರುವಾಗ ಅದು ಗೊತ್ತಾಗುವುದಿಲ್ಲ. ನೆತ್ತಿಯ ಕೆಳಗಿನ ಹರವಿಗೆ ಬರುವಷ್ಟರಲ್ಲಿ, ಅಲ್ಲಿ, ಮುಳ್ಳುಗಿಡದ ಆ ಮರುಭೂಮಿಯ ಮೇಲೆ, ಪೈನ್ ಮರಗಳ ಕಾಡು ಎದುರಾಯಿತು. ಹನಿ ತೊಟ್ಟಿಕ್ಕುವ, ಕಪ್ಪು ಕಾಂಡದ ದೊಡ್ಡ ದೊಡ್ಡ ಮರಗಳು ಮಂಜಿನಲ್ಲಿ ನಿಂತಿದ್ದವು. ಎಷ್ಟು ಚೆಂದ, ಇಲ್ಲೇ ಸ್ವಲ್ಪ ಕೂರುತ್ತೇನೆ, ನೀನು ಮುಂದೆ ಹೋಗು ಎಂದು ಹೇಳಿದೆ. ಹೇಳಿದೆ ಎಂದು ನನ್ನ ನೆನಪು. ಗೆಳತಿ ಹೇಳುವ ಪ್ರಕಾರ ಆ ಮಾತು ಕುಡಿದವರ ಮಾತಿನ ಹಾಗೆ ತೊದಲಿತ್ತು, ಚೀಲದ ಬಕಲ್ ಬಿಚ್ಚಲು ನನ್ನ ಬೆರಳಿಗೆ ಬರುತ್ತಿರಲಿಲ್ಲ, ಮತ್ತು ನಾನು ನಡುಗುವುದನ್ನು ನಿಲ್ಲಿಸಿದ್ದೆ.

ಮೈಯ ಕಾವು ಇಳಿಯುವುದರ ಲಕ್ಷಣಗಳನ್ನು ನಿದ್ದೆಯಲ್ಲಿ ಕೇಳಿದರೂ ನಾನು ಹೇಳಬಲ್ಲೆ. ತೊದಲು, ಮಂಕು, ನಡುಕ ನಿಲ್ಲುವುದು, ಆಮೇಲೆ ಹೃದಯ ಲಯ ತಪ್ಪುವುದು. ನನ್ನ ಕಸುಬೇ ಅದು. ಆದರೆ ಅದು ನನಗೇ ಆಗುತ್ತಿದ್ದಾಗ ನನಗೆ ಇದ್ದ ಚಿಂತೆ ಒಂದೇ, ಗೆಳತಿ ಬಹಳ ಬೇಗ ನಡೆಯುತ್ತಿದ್ದಾಳೆ, ಅವಳ ಎದೆಗೆ ಆಯಾಸವಾಗುತ್ತದೆ ಎಂದು. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆನಂತೆ.

ಅವಳು ನನ್ನೆದುರು ಬಗ್ಗಿ ನನ್ನ ಮುಖ ನೋಡಿದ್ದು ನೆನಪಿದೆ. ಅಲ್ಲಿಯವರೆಗೆ ನಾನು ಅವಳ ಮುಖ ನೋಡುತ್ತಿದ್ದೆ.

"ಏಳು," ಅಂದಳು. "ಈ ಹತ್ತಿ ನಿನ್ನ ಜೀಂವಾ ತಗೀತದ. ಏಳಂದ್ರ ಏಳು."

ಅದು ಬಾವಿ ಕೊರೆಯುವವರನ್ನು ಗದರಿಸುತ್ತಿದ್ದ ದನಿ. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ. ನಾನು ಎದ್ದೆ. ನನ್ನ ಚೀಲವನ್ನು ಎದೆಯ ಮೇಲೆ, ತನ್ನದನ್ನು ಬೆನ್ನ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಟೆಂಟ್ ಹಾಕುವ ಜಾಗದವರೆಗೆ ಎಳೆದುಕೊಂಡು ಹೋದಳು. ಆ ಗಾಳಿಯಲ್ಲಿ ಒಬ್ಬಳೇ ಟೆಂಟ್ ನಿಲ್ಲಿಸಿದಳು. ನನ್ನ ಒದ್ದೆ ಬಟ್ಟೆಯನ್ನೆಲ್ಲ ಕಿತ್ತು ಹೊರಗೆಸೆದು, ತನ್ನ ಒಣ ಪ್ಲಾಸ್ಟಿಕ್ ಬೊಂಬೆಯ ಬಟ್ಟೆಗಳನ್ನು ತೊಡಿಸಿ, ಒಳಹೊಕ್ಕು ಮಲಗುವ ತನ್ನ ಹೊದಿಕೆಯ ಚೀಲಕ್ಕೆ ನನ್ನನ್ನು ತುರುಕಿದಳು. ಟೆಂಟಿನ ಬಾಗಿಲಾಚೆ ಸ್ಟೋವ್ ಹಚ್ಚಿ ಬೆಲ್ಲದ ನೀರು ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಖಡಕ್ ರೊಟ್ಟಿಯನ್ನು ಬಿಸಿನೀರಿನಲ್ಲಿ ಮುರಿದು, ಶೇಂಗಾ ಚಟ್ನಿಪುಡಿ ಕಲಸಿ, ಹಸುಗೂಸಿಗೆ ತಿನ್ನಿಸಿದಂತೆ ತಿನ್ನಿಸಿದಳು. ಆಮೇಲೆ ತಾನೂ ಒಳಗೆ ಬಂದು ನನ್ನ ಬೆನ್ನಿಗೆ ಒತ್ತಿಕೊಂಡು ಮಲಗಿದಳು.

ನಡುಕ ಮರಳಿ ಬಂದಾಗಿನ್ನೂ ಹೊರಗೆ ಬೆಳಕಿತ್ತು. ಹಲ್ಲು ಕಟಕಟಿಸುವಷ್ಟು ನಡುಗಿದೆ. ನಡುಕ ಬಂತಲ್ಲ, ಇನ್ನು ಬದುಕಿದೆ ಎಂದು ನನ್ನೊಳಗಿನ ಡಾಕ್ಟರು ಹೇಳಿದಳು. ಬುದ್ಧಿ ತಿಳಿಯಾದದ್ದೇ ಮೊದಲು ಬಂದದ್ದು ಹೆದರಿಕೆ, ನನ್ನ ಬಗ್ಗೆ ಅಲ್ಲ. ಎರಡು ಚೀಲ ಹೊತ್ತಿದ್ದಾಳೆ, ನನ್ನನ್ನು ಎಳೆದಿದ್ದಾಳೆ, ಚಳಿಯಲ್ಲಿ ನೆನೆದಿದ್ದಾಳೆ. ಇದರಲ್ಲಿ ಒಂದನ್ನೂ ನಾನು ಯಾವ ಹೃದಯರೋಗಿಗೂ ಬಿಡುತ್ತಿರಲಿಲ್ಲ. ನನ್ನ ಬೆನ್ನಿಗೆ ಅವಳ ಎದೆ ತಾಗಿತ್ತು. ಸ್ಟೆತಾಸ್ಕೋಪು ಬೇಕಿರಲಿಲ್ಲ. ದಪ್ಪ ಬಟ್ಟೆಯ ಮೂಲಕವೂ ಅವಳ ಹೃದಯ ಬಡಿಯುವುದು ನನ್ನ ಬೆನ್ನೆಲುಬಿಗೆ ತಿಳಿಯುತ್ತಿತ್ತು. ನಿಧಾನ, ಒಂದೇ ಸಮ, ಎಲ್ಲೂ ಎಡವದೆ. ಎಷ್ಟು ಹೃದಯಗಳನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಆ ಸಂಜೆ, ಮಳೆ ಟೆಂಟಿನ ಮೇಲೆ ಸುರಿಯುತ್ತಿರುವಾಗ, ಒಂದು ಮುಷ್ಟಿಯಷ್ಟು ಮಾಂಸ ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಕೂರದೆ ಹೀಗೆ ಬಡಿಯುತ್ತಲೇ ಇರುತ್ತದೆ ಎಂಬುದು ನನಗೆ ಮೊದಲ ಸಲ ಅಚ್ಚರಿಯೆನಿಸಿತು. ಅವಳಾಗಲೇ ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಎದ್ದಾಗ ಮಳೆ ಜಿನುಗುತ್ತಿತ್ತು. ಟೆಂಟಿನ ಬಾಗಿಲು ತೆರೆದಿತ್ತು, ಅವಳು ಹೊರಗೆ ಮಂಡಿಯೂರಿ ಕುಳಿತಿದ್ದಳು. ಪೂಜೆ ಮಾಡುತ್ತಿದ್ದಾಳೇನೋ ಎಂದುಕೊಂಡೆ. ಬಾ ಎಂದು ಕೈ ಮಾಡಿದಳು. ಹೊದಿಕೆಯ ಚೀಲದೊಂದಿಗೇ ತೆವಳಿ ಹೋದೆ.

ಅವಳ ಮುಂದಿದ್ದದ್ದು ಒಂದು ಚಪ್ಪಟೆ ಬಂಡೆ. ಒಣಗಿದ್ದಾಗ ಇದು ಸುಣ್ಣದ ಗೋಡೆಯ ಹಾಗೆ ಬರೀ ಬಿಳಿ, ಏನೂ ಕಾಣುವುದಿಲ್ಲ, ಅದಕ್ಕೇ ನಾವು ಕಲ್ಲು ಸಿಕ್ಕರೆ ನೆಕ್ಕಿ ನೋಡುತ್ತೇವೆ ಎಂದಳು. ಈಗ ಮಳೆ ಇಡೀ ಬೆಟ್ಟವನ್ನೇ ನೆಕ್ಕಿತ್ತು. ಒದ್ದೆ ಕಲ್ಲಿನೊಳಗೆ ಎಲ್ಲವೂ ಎದ್ದು ಬಂದಿತ್ತು. ಅವಳು ಬೆರಳಿಟ್ಟು ತೋರಿಸಿದಳು. ಇದು ಸ್ಪಂಜು, ಬಟ್ಟಲಿನ ಹಾಗೆ ಬಾಯಿ ತೆರೆದು ನಿಂತಿತ್ತು. ಇದು ಕಡಲ ಲಿಲ್ಲಿ ಎಂಬ ಪ್ರಾಣಿಯ ದಂಟು, ಗಾಲಿ ಗಾಲಿಯಾಗಿ ಬಿಚ್ಚಿಬಿದ್ದಿದೆ. ಇದು ಚಿಪ್ಪು, ಇದು ಪಾಚಿಯ ಪದರ, ಇವೆಲ್ಲವನ್ನೂ ಹಿಡಿದು ಅಂಟಿಸಿದ್ದು ಅದೇ. ಅವುಗಳ ನಡುವೆ ಎಲ್ಲೆಲ್ಲೂ ಸಣ್ಣ ಉದ್ದನೆಯ ಕಾಳುಗಳು ಚೆಲ್ಲಿದ್ದವು, ಥೇಟ್ ಅಕ್ಕಿಕಾಳು. ಅವೂ ಒಂದೊಂದು ಜೀವವಂತೆ. ಯಾರೋ ಮುಹೂರ್ತಕ್ಕೆ ಅಕ್ಷತೆ ಎರಚಿ ಹೋಗಿದ್ದಾರೆ ಅನ್ನಿಸಿ, ಕಾಳಿನ ಮೇಲೆ ಕಾಲಿಡಬಾರದೆಂದು ನಾನು ಪಾದ ಎಳೆದುಕೊಂಡೆ. ಎಲ್ಲಿಗೆಂದು ಎಳೆದುಕೊಳ್ಳುವುದು? ಟೆಂಟಿನ ಕೆಳಗೂ ಅವೇ. ಕಾಡಿನ ಕೆಳಗೂ ಅವೇ. ನಿನ್ನೆ ಇಡೀ ದಿನ ನಾವು ಅವುಗಳ ಮೇಲೇ ಹತ್ತಿ ಬಂದಿದ್ದೆವು. ಅಭ್ಯಾಸದಂತೆ ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗೆಳತಿ ನಗಲಿಲ್ಲ. ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಬರೀ ಮಳೆಯಲ್ಲ ಎಂದು ಕಂಡಿತು.

"ಎಷ್ಟ ವರ್ಷ ಇವರ ಮನೀ ನಕ್ಷೆ ಬರದೆ," ಅಂದಳು. "ಇವತ್ತ ಮಾರಿ ನೋಡಿದೆ."

ಮೋಡದ ನಡುವೆ ಒಂದು ಕ್ಷಣ ಬಿಡುವಾಗಿ, ಕಾಡಿನಾಚೆ ಬಂಡೆಯ ಕೊನೆಯ ಶಿಖರ ಕಂಡಿತು. ನಮ್ಮ ಜಾಗಕ್ಕಿಂತ ಎತ್ತರ, ಕಡಿದಾದ ಏರು. ಅವಳು ಅದನ್ನು ನೋಡಿ ಎದ್ದು ನಿಂತು ಬೂಟಿನ ಲೇಸು ಬಿಗಿದಳು. ಅಭ್ಯಾಸಬಲದಿಂದ ನಾನು ಅವಳ ಮುಖ ನೋಡಿದೆ, ಕೇಳುತ್ತಾಳೆ ಎಂದು ಕಾದೆ. ಏನು ಉತ್ತರ ಕೊಡಬೇಕು ಎಂದೂ ಯೋಚಿಸುತ್ತಿದ್ದೆ. ನಿನ್ನೆಯ ಆಯಾಸದ ಮೇಲೆ, ಒಬ್ಬಳೇ, ಜಾರುವ ಕಲ್ಲಿನಲ್ಲಿ ಬೇಡವೆನ್ನುವುದೇ ಡಾಕ್ಟರ ಉತ್ತರ.

"ನೀ ಬೆಚ್ಚಗ ಒಳಗ ಕೂಡು," ಅಂದಳು. "ನಾ ಹೋಗಿ ಬರ್ತೇನಿ."

ಹೊರಟೇ ಹೋದಳು. ಅವಳ ನೀಲಿ ಕೋಟು ಮರಗಳ ನಡುವೆ ಸ್ವಲ್ಪ ಹೊತ್ತು ಕಂಡು ಮಂಜಿನಲ್ಲಿ ಮರೆಯಾಯಿತು. ಅವಳು ಬರುವವರೆಗೆ ನಾನು ಪಟ್ಟ ಪಾಡನ್ನು ಹೇಳಲಾರೆ. ಆಪರೇಷನ್ ಥಿಯೇಟರಿನ ಹೊರಗೆ ಕುಳಿತ ಮನೆಯವರಿಗೆ ಧೈರ್ಯವಾಗಿರಿ ಎಂದು ಎಷ್ಟು ಸುಲಭವಾಗಿ ಹೇಳಿದ್ದೇನೆ ನಾನು. ಗಾಳಿಯ ಪ್ರತಿ ಸದ್ದಿಗೂ ಕಲ್ಲು ಜಾರಿತು ಅನ್ನಿಸಿತು. ಎರಡು ಸಲ ಬೂಟು ಹಾಕಿಕೊಂಡು ಎರಡು ಸಲ ಬಿಚ್ಚಿದೆ.

ಕೊನೆಗೆ ಮರಗಳ ನಡುವೆ ಮೊದಲು ಹಾಡು ಕೇಳಿತು, ಆಮೇಲೆ ಅವಳು ಬಂದಳು. ಮೈಯೆಲ್ಲ ಒದ್ದೆ, ಮಂಡಿಯ ಹತ್ತಿರ ಪ್ಯಾಂಟು ಹರಿದಿತ್ತು, ಅಂಗೈ ತುಂಬ ಸುಣ್ಣಕಲ್ಲಿನ ಕೆಸರು. ಮೇಲೆ ಏನೂ ಕಾಣಲಿಲ್ಲ, ಬರೀ ಬಿಳಿ, ಕಡಲಿನ ಮಧ್ಯೆ ನಿಂತ ಹಾಗಿತ್ತು, ಅಲ್ಲಿಯ ಕಲ್ಲಿನಲ್ಲಿ ಇಷ್ಟು ದೊಡ್ಡ ಸ್ಪಂಜುಗಳಿವೆ ಎಂದು ಎರಡೂ ಕೈ ಅಗಲಿಸಿ ಒಂದೇ ಉಸಿರಿಗೆ ಹೇಳತೊಡಗಿದಳು. ನಾನು ಮಧ್ಯೆ ಬಾಯಿ ಹಾಕಿ, "ಎದಿ ಹೆಂಗದ?" ಎಂದು ಕೇಳಿದೆ.

ಅವಳು ಕೈ ಅಗಲಿಸಿಕೊಂಡೇ ನನ್ನನ್ನು ನೋಡಿದಳು. ನಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯ," ಅಂದಳು, "ಅದರದು ನೆನಪೇ ಆಗ್ಲಿಲ್ಲ ನೋಡವಾ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ಅದಕ್ಕೆ ಗಮನ ಕೊಡದೆ, ಬಗ್ಗಿ ಟೆಂಟಿನೊಳಗೆ ಬಂದು, ಸ್ಪಂಜುಗಳ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.